ರೋಸಮ್ಮನ ಉಪವಾಸ

ಗುಬ್ಬಿಯ ನಾಗಭೂಷಣ ಬಿ.ಎಸ್ಸಿ. ಪದವೀಧರ. ಈ ಸಂಗತಿ ಅವನ ಮನೆಯ ಬಾಗಿಲ ಫಲಕದ ಮೇಲಿದೆ, ಸ್ಕೂಟರಿನ ಹಿಂದೆ ಇದೆ, ಮದುವೆಯ ಕರೆಯೋಲೆಯಲ್ಲೂ ಇತ್ತು. ಅವನು ಓದಿದ್ದು ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತ ಎಂಬ ವಿವರ ಮಾತ್ರ ಎಲ್ಲಿಯೂ ಇಲ್ಲ. ಹೀಗಾಗಿ ಬೀದಿಯಲ್ಲಿ ಹಾವು ಕಂಡರೂ, ಹಸು ಮೇವು ಬಿಟ್ಟರೂ, ಗ್ರಹಣ ಹಿಡಿದರೂ ಜನ ಅವನನ್ನೇ ಕೇಳುತ್ತಿದ್ದರು. ಅವನೂ ಹೇಳುತ್ತಿದ್ದ. ಹಾವಿನ ವಿಷಯವನ್ನು ಮಾತ್ರ ಸ್ವಲ್ಪ ದೂರದಲ್ಲಿ ನಿಂತು ಹೇಳುತ್ತಿದ್ದ.

ಅವನ ಕೆಲಸ ಕುಣಿಗಲ್‌ನ ಒಂದು ಸರ್ಕಾರಿ ಕಚೇರಿಯಲ್ಲಿ. ಬೆಳಿಗ್ಗೆ ಗುಬ್ಬಿಯಿಂದ ತುಮಕೂರಿಗೆ ಒಂದು ಬಸ್ಸು, ತುಮಕೂರಿನಿಂದ ಕುಣಿಗಲ್ಲಿಗೆ ಇನ್ನೊಂದು. ಸಂಜೆ ಅದೇ ಹಿಂದುಮುಂದಾಗಿ. ಹೀಗೆ ಹನ್ನೊಂದು ವರ್ಷ. ಈ ಸಲದ ದೀಪಾವಳಿಗೆ ಮುಂಚೆ ಗುಬ್ಬಿಯ ಕಚೇರಿಯಲ್ಲೇ ಅವನ ದರ್ಜೆಯ ಹುದ್ದೆಯೊಂದು ಖಾಲಿಯಾಯಿತು. ಮನೆಯಿಂದ ಆ ಕಚೇರಿಗೆ ಆರುನೂರ ಹನ್ನೆರಡು ಹೆಜ್ಜೆ. ಅವನು ಎರಡು ಸಲ ಎಣಿಸಿದ್ದ. ವರ್ಗಾವಣೆಗೆ ಬೇಕಾದದ್ದು ಕುಣಿಗಲ್ ಸಾಹೇಬರಾದ ಗೋವಿಂದರಾಜು ಅವರ ಶಿಫಾರಸು ಪತ್ರ. ಆ ಪತ್ರವನ್ನೂ ನಾಗಭೂಷಣನೇ ಟೈಪ್ ಮಾಡಿ, ತನ್ನನ್ನು ತಾನು ಮಿತವಾಗಿ ಹೊಗಳಿಕೊಂಡು, ಸಾಹೇಬರ ಮೇಜಿನ ಮೇಲಿಟ್ಟಿದ್ದ. ಸಹಿಯೊಂದು ಬಾಕಿ ಇತ್ತು.

ಆಗಲೇ ಸಾಹೇಬರ ಹೆಂಡತಿಗೆ ಮಂಡಿಯ ಆಪರೇಷನ್ ನಿಗದಿಯಾಯಿತು. ಇಡೀ ಕುಟುಂಬ ಐದು ವಾರ ಬೆಂಗಳೂರಿನಲ್ಲಿ ಆಕೆಯ ತಮ್ಮನ ಮನೆಯಲ್ಲಿ ಇರಬೇಕು. ಹಾಲು, ಪೇಪರು, ತುಳಸಿ ಗಿಡ ಎಲ್ಲಕ್ಕೂ ವ್ಯವಸ್ಥೆಯಾಯಿತು. ಉಳಿದದ್ದು ಸಾಹೇಬರ ಮಗಳು ತನುಶ್ರೀ ಸಾಕಿದ್ದ ಪ್ರಾಣಿ. ಅದು ಟ್ಯಾರಂಟುಲಾ, ಅಂದರೆ ಮೈತುಂಬ ಕೂದಲಿರುವ ದೊಡ್ಡ ಜೇಡ. ಅದು ತನ್ನ ಮನೆಗೆ ಬಂದರೆ ತಾನು ಹೊರಗೆ ಹೋಗುವುದಾಗಿ ಹುಡುಗಿಯ ಸೋದರಮಾವ ತಿಳಿಸಿದ್ದ.

"ಜೇಡದ ಬಗ್ಗೆ ಯಾರಿಗಾದ್ರೂ ಗೊತ್ತಿದ್ಯೇನ್ರೀ?" ಎಂದು ಸಾಹೇಬರು ಕಚೇರಿಯನ್ನೇ ಕೇಳಿದರು. ನಾಗಭೂಷಣ ಮೇಜಿನ ಮೇಲಿದ್ದ ತನ್ನ ಪತ್ರವನ್ನೊಮ್ಮೆ ನೋಡಿದ.

"ನಂದು ಬಿ.ಎಸ್ಸಿ. ಸರ್. ಜೇಡ ನನ್ನ ಸ್ಪೆಷಲ್ ಸಬ್ಜೆಕ್ಟು."

ಅವನ ಮನಸ್ಸಿನಲ್ಲಿದ್ದದ್ದು ಕಿಟಕಿಯ ಮೂಲೆಯ ಜೇಡ, ಹುಣಸೆ ಬೀಜದಷ್ಟು ಗಾತ್ರದ್ದು. ಮಾರನೆಯ ದಿನ ತನುಶ್ರೀ ಗಾಜಿನ ಪೆಟ್ಟಿಗೆ ತಂದಳು. ಒಳಗಿದ್ದ ಜೀವಿ ಕಾಲು ಚಾಚಿದರೆ ಒಂದು ದೊಡ್ಡ ಪೂರಿಯಷ್ಟು ಜಾಗ ಹಿಡಿಯುತ್ತಿತ್ತು. ಹೆಸರು ರೋಸಿ, ವಯಸ್ಸು ಮೂರು ವರ್ಷ. ಜೊತೆಗೆ ಹುಡುಗಿ ತನ್ನ ಕೈಯಾರೆ ಬರೆದ ನಾಲ್ಕು ಹಾಳೆ ಕೊಟ್ಟಳು. "ಅಂಕಲ್, ಒಂದ್ಸಲ ಪೂರ್ತಿ ಓದ್ಬಿಡಿ. ಇವಳು ಏನ್ ಮಾಡಿದ್ರೆ ನಾರ್ಮಲ್ಲು, ಏನ್ ಮಾಡಿದ್ರೆ ಅಲ್ಲ, ಎಲ್ಲಾ ಬರ್ದಿದೀನಿ."

"ಇದೆಲ್ಲ ಬೇಸಿಕ್ಕು ಕಣಮ್ಮ" ಎಂದು ನಾಗಭೂಷಣ ಹಾಳೆಗಳನ್ನು ಮಡಚಿ ಊಟದ ಬ್ಯಾಗಿನ ಪಕ್ಕದ ಜೇಬಿಗೆ ತುರುಕಿದ. ಮುಂದಿನ ಐದು ವಾರ ಆ ಹಾಳೆಗಳು ಅವನ ಜೊತೆ ದಿನಕ್ಕೆ ನೂರ ಹನ್ನೆರಡು ಕಿಲೋಮೀಟರ್ ಪ್ರಯಾಣ ಮಾಡಿದವು. ಅವುಗಳಿಂದ ಬೇರೇನೂ ಪ್ರಯೋಜನವಾಗಲಿಲ್ಲ.

ಪೆಟ್ಟಿಗೆಗೆ ಕೆಂಪು ಬಟ್ಟೆ ಮುಚ್ಚಿ ಅವನು ಸಂಜೆಯ ಬಸ್ಸು ಹತ್ತಿದ. ತುಮಕೂರಿನಲ್ಲಿ ಬಸ್ಸು ಬದಲಾಯಿಸಿದಾಗ ನಿಲ್ಲಲೂ ಜಾಗವಿರಲಿಲ್ಲ. ಕಂಡಕ್ಟರ್ ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿ, "ಏನ್ ಸಾರ್ ಇದು, ಮೀನಾ?" ಎಂದು ಗಟ್ಟಿಯಾಗಿ ಕೇಳಿದ.

ಮೂರನೆಯ ಸೀಟಿನಲ್ಲಿ ಅಡವಿಯಪ್ಪ ಕೂತಿದ್ದರು. ನಾಗಭೂಷಣನ ಮನೆಯಿಂದ ನಾಲ್ಕನೆಯ ಮನೆಯವರು, ಕೊಬ್ಬರಿ ವ್ಯಾಪಾರಿ, ನೆನಪಿನ ಶಕ್ತಿ ಚೆನ್ನಾಗಿರುವ ಮನುಷ್ಯ. ಮೂರು ತಲೆಮಾರಿನಿಂದ ಮೊಟ್ಟೆಯೂ ಹೊಸ್ತಿಲು ದಾಟದ ಮನೆಗೆ ಮೀನು ಹೋಗುತ್ತಿದೆ ಎಂಬ ಸುದ್ದಿ ಅವರ ಕಿವಿಗೆ ಬಿದ್ದಾಗಿತ್ತು. ಜೇಡ ಎಂದರೆ ಬಸ್ಸಿನಿಂದ ಇಳಿಸುತ್ತಾರೆ. ಮೀನು ಎಂದರೆ ಬೀದಿಯಿಂದ ಇಳಿಸುತ್ತಾರೆ. ನಾಗಭೂಷಣ ಬಟ್ಟೆಯ ಬಣ್ಣವನ್ನು ನೋಡಿ ತೀರ್ಮಾನ ಮಾಡಿದ.

"ದೇವ್ರು" ಎಂದ.

ಕಂಡಕ್ಟರ್ ಗಲ್ಲ ಬಡಿದುಕೊಂಡ. ಮುಂದಿನ ಸೀಟಿನಿಂದ ಒಬ್ಬನನ್ನು ಎಬ್ಬಿಸಿ, ಕಿಟಕಿ ಪಕ್ಕ ನಾಗಭೂಷಣನನ್ನು ಕೂರಿಸಿದ. ಹನ್ನೊಂದು ವರ್ಷಗಳಲ್ಲಿ ಆ ಸೀಟು ಅವನಿಗೆ ಸಿಕ್ಕಿದ್ದು ಅದೇ ಮೊದಲು.

ಅಡವಿಯಪ್ಪ ಸ್ಟ್ಯಾಂಡಿನಲ್ಲಿ ಇಳಿದವರೇ ಅಡ್ಡದಾರಿ ಹಿಡಿದರು. ನಾಗಭೂಷಣ ಪೆಟ್ಟಿಗೆ ಅಲುಗದಂತೆ ನಿಧಾನವಾಗಿ ಮನೆ ತಲುಪುವ ವೇಳೆಗೆ ಬಾಗಿಲಲ್ಲಿ ಹೊಸ ರಂಗೋಲಿ, ಅದರಾಚೆ ಏಳೆಂಟು ಜನ, ಅವರ ಮುಂದೆ ಆರತಿ ತಟ್ಟೆ ಹಿಡಿದ ಅವನ ತಾಯಿ ಶಕುಂತಲಮ್ಮ. ಬಟ್ಟೆ ತೆಗೆಯದೆ ಗತಿಯಿರಲಿಲ್ಲ. ತೆಗೆದ. ಶಕುಂತಲಮ್ಮ ಆರತಿ ತಟ್ಟೆಯನ್ನು ಹಿಂದಕ್ಕೆಳೆದುಕೊಂಡ ರಭಸಕ್ಕೆ ಕರ್ಪೂರ ಆರಿಹೋಯಿತು.

"ಏನ್ಲಾ ಇದು ನಾಗ?"

ಬಿ.ಎಸ್ಸಿ. ಪದವಿಯ ಪ್ರಯೋಜನವೆಂದರೆ ಉತ್ತರ ಗೊತ್ತಿಲ್ಲದಾಗ ಪ್ರಶ್ನೆ ಕೇಳಲು ಬರುವುದು. "ಕಾಳಹಸ್ತೀಲಿ ಶಿವನಿಗೆ ಬಲೆ ಹೆಣೆದು ನೆರಳು ಮಾಡಿದ್ದು ಯಾವುದಮ್ಮ?" ಎಂದು ಕೇಳಿದ.

"ಜೇಡ."

"ಅದರ ವಂಶ ಕಣಮ್ಮ."

"ಇಷ್ಟು ದಪ್ಪ ಐತಲ್ಲೋ."

"ಹಳೇ ವಂಶ."

ಶಕುಂತಲಮ್ಮ ಕರ್ಪೂರವನ್ನು ಮತ್ತೆ ಹಚ್ಚಿದರು. ಏನು ತಿನ್ನುತ್ತದೆ ಎಂದು ಕೇಳಿದ್ದಕ್ಕೆ ನಾಗಭೂಷಣ ಕೊಬ್ಬರಿ ಎಂದ. ಅವನ ಹೆಂಡತಿ ಮಾನಸಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಗಂಡನ ಬ್ಯಾಗಿನಲ್ಲಿ ತನುಶ್ರೀ ಕೊಟ್ಟು ಕಳಿಸಿದ್ದ, ಮುಚ್ಚಳಕ್ಕೆ ತೂತು ಕೊರೆದ ಬಾಟಲಿಯನ್ನೂ, ಅದರೊಳಗೆ ಓಡಾಡುತ್ತಿದ್ದ ಜಿರಳೆಗಳನ್ನೂ ಆಕೆ ಆಗಲೇ ನೋಡಿದ್ದಳು. "ನನ್ನ ಅಡುಗೆಮನೆಗೆ ಒಂದು ಬಂದ್ರೂ ಸಾಹೇಬ್ರಿಗೆ ನಾನೇ ಫೋನ್ ಮಾಡ್ತೀನಿ" ಎಂದಷ್ಟೇ ಹೇಳಿ ಒಳಗೆ ಹೋದಳು.

ಅಲ್ಲಿಂದ ಮನೆಯಲ್ಲಿ ಒಂದು ಕ್ರಮ ಏರ್ಪಟ್ಟಿತು. ದೇವರ ಕೋಣೆಯ ಪಕ್ಕದ ಸ್ಟೂಲಿನ ಮೇಲೆ ಪೆಟ್ಟಿಗೆ. ನಾಲ್ಕು ದಿನಕ್ಕೊಮ್ಮೆ ಬೆಳಿಗ್ಗೆ ಐದಕ್ಕೆ, ತಾಯಿ ಪೂಜೆಗೆಂದು ಸ್ನಾನಕ್ಕೆ ಹೋದಾಗ, ಒಂದು ಜಿರಳೆ. ಪ್ರತಿದಿನ ಏಳಕ್ಕೆ ತಾಯಿ ಇಡುವ ಕೊಬ್ಬರಿ ಚೂರುಗಳ ತಟ್ಟೆ. ಕೊಬ್ಬರಿ ಖಾಲಿಯಾಗಬೇಕಲ್ಲ, ಅದನ್ನು ನಾಗಭೂಷಣ ತಿನ್ನುತ್ತಿದ್ದ. ಹತ್ತು ದಿನಗಳಲ್ಲಿ ರೋಸಿ ಮೂರು ಜಿರಳೆ ತಿಂದಿತು, ನಾಗಭೂಷಣ ಅರ್ಧ ಕೆಜಿ ಕೊಬ್ಬರಿ ತಿಂದ. ಇಬ್ಬರಲ್ಲಿ ಕೆಮ್ಮು ಬಂದದ್ದು ನಾಗಭೂಷಣನಿಗೆ.

ನಂತರ ರೋಸಿ ತಿನ್ನುವುದನ್ನು ನಿಲ್ಲಿಸಿತು. ಬಿಟ್ಟ ಜಿರಳೆ ಅದರ ಪಾದದ ಮೇಲೇ ಹತ್ತಿ ಇಳಿಯಿತು. ರೋಸಿ ಕಾಲನ್ನು ಸ್ವಲ್ಪ ಸರಿಸಿ ದಾರಿ ಬಿಟ್ಟಿತು. ನಾಲ್ಕು ದಿನ ಬಿಟ್ಟು ನೋಡಿದ, ಅದೇ. ಎಂಟು ದಿನ ಬಿಟ್ಟು ನೋಡಿದ, ಅದೇ. ಮೂಲೆಯಲ್ಲಿ ಕೂತರೆ ಕೂತೇ ಇರುತ್ತಿತ್ತು. ತನುಶ್ರೀ ಎರಡು ದಿನಕ್ಕೊಮ್ಮೆ ಹೇಗಿದ್ದಾಳೆಂದು ಮೆಸೇಜ್ ಮಾಡುತ್ತಿದ್ದಳು. ನಾಗಭೂಷಣ ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದ. ಸ್ಪೆಷಲ್ ಸಬ್ಜೆಕ್ಟಿನವನು ಏನೆಂದು ಕೇಳುವುದು? ಅವನ ಕಣ್ಣಿಗೆ ಆರುನೂರ ಹನ್ನೆರಡು ಹೆಜ್ಜೆಗಳು ಒಂದೊಂದಾಗಿ ಅಳಿಸಿಹೋಗುವುದು ಕಾಣುತ್ತಿತ್ತು. ಊಟ ಸೇರದೆ ಎದ್ದ ಮಗನನ್ನು ತಾಯಿ ವಿಚಾರಿಸಿದಾಗ, ಅದು ಏನೂ ತಿನ್ನುತ್ತಿಲ್ಲವೆಂದು ಬಾಯಿಬಿಟ್ಟ.

ಎಂದಿನಿಂದ ಎಂದು ಕೇಳಿದರು. ಅವನು ಬೆರಳು ಮಡಚಿ ಎಣಿಸಿ ಒಂದು ಸೋಮವಾರಕ್ಕೆ ಬಂದು ನಿಂತ.

ಶಕುಂತಲಮ್ಮ ಎದ್ದು ಪೆಟ್ಟಿಗೆಗೆ ಕೈಮುಗಿದರು. "ಅದು ಕಾರ್ತಿಕ ಸೋಮವಾರ ಕಣೋ. ನೀನು ಎರಡು ಸಲ ಬೋಂಡ ತಿಂದೆ ಅವತ್ತು."

ಅಂದಿನಿಂದ ರೋಸಿ ರೋಸಮ್ಮನಾಯಿತು. ಸಂಗತಿ ಬೀದಿಯ ನಲ್ಲಿಗೆ ಹೋಯಿತು, ಅಲ್ಲಿಂದ ಸಂತೆಗೆ ಹೋಯಿತು. ಗಾಜಿನ ಮೇಲೆ ವಿಭೂತಿಯ ಮೂರು ಗೆರೆ, ಮುಚ್ಚಳದ ಮೇಲೆ ಬಿಲ್ವಪತ್ರೆ ಬಂದವು. ಬೆಳಿಗ್ಗೆ ಸಂಜೆ ಜನ ಬಂದು ನೋಡಿ ಹೋಗತೊಡಗಿದರು. ಇದರಿಂದ ಬೀದಿಯ ಧಾರ್ಮಿಕ ಜೀವನದಲ್ಲಿ ಒಂದು ತೊಂದರೆಯೂ ಆಯಿತು. ಅದುವರೆಗೆ ಸೋಮವಾರದ ಉಪವಾಸವೆಂದರೆ ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ಸಬ್ಬಕ್ಕಿ ಉಪ್ಪಿಟ್ಟು, ಸಂಜೆ ಬಾಳೆಹಣ್ಣು ಮತ್ತು ಹಾಲು. ಹದಿನಾರು ದಿನ ಏನೂ ಮುಟ್ಟದ ಜೇಡದ ಎದುರು ಇದನ್ನು ಉಪವಾಸವೆಂದು ಹೇಳಿಕೊಳ್ಳಲು ಹೆಂಗಸರಿಗೆ ಸಂಕೋಚವಾಗತೊಡಗಿತು. ಅಡವಿಯಪ್ಪನವರ ಹೆಂಡತಿ ಅವಲಕ್ಕಿಯನ್ನು ಬಿಟ್ಟೇಬಿಟ್ಟರು, ಅಡವಿಯಪ್ಪನವರಿಗೂ ಬಿಡಿಸಿದರು.

ಹಸಿದ ಅಡವಿಯಪ್ಪ ವಿಚಾರವಾದಿಯಾದರು. "ಹೊಟ್ಟೆ ಕೆಟ್ಟಿರ್ಬೇಕು ಬುಡು" ಎಂದು ಎಲ್ಲರೆದುರು ಹೇಳಿ, ಪರೀಕ್ಷೆ ಮಾಡುವಂತೆ ಮುಚ್ಚಳ ಸರಿಸಿ, ವಿಭೂತಿಯ ಬೆರಳನ್ನು ಒಳಗಿಟ್ಟರು. ರೋಸಮ್ಮ ಹಿಂಗಾಲನ್ನೆತ್ತಿ ತನ್ನ ಹೊಟ್ಟೆಯನ್ನು ಎರಡು ಸಲ ಕೆರೆದುಕೊಂಡಿತು. ಅಷ್ಟೇ. ಕಚ್ಚಲಿಲ್ಲ, ಹಾರಲಿಲ್ಲ. ಆದರೆ ಅಡವಿಯಪ್ಪ ಮನೆ ತಲುಪುವ ಮೊದಲೇ ಕೈ ಕೆರೆಯಲಾರಂಭಿಸಿ ಮೂರು ದಿನ ಕೆರೆದರು. ಮನೆಮನೆಗೆ ಪೂಜೆಗೆ ಬರುವ ರುದ್ರಯ್ಯನವರು ಬಹಳ ಯೋಚಿಸಿ ಮಾತಾಡುವವರು. "ಸ್ನಾನ ಮಾಡ್ದೆ ಕೈ ಇಟ್ರೇನೋ" ಎಂದು ಮೆಲ್ಲಗೆ ಅನುಮಾನ ಪಟ್ಟರು. ಬೀದಿಗೆ ಅಡವಿಯಪ್ಪನವರ ಸ್ನಾನದ ಮೇಲೆ ಬಹುಕಾಲದ ಅನುಮಾನವಿದ್ದದ್ದರಿಂದ ಇದು ಕೂಡಲೇ ಒಪ್ಪಿಗೆಯಾಯಿತು.

ಕೆರೆದುಕೊಂಡಾಗ ಕೂದಲು ಉದುರಿದ ಜಾಗದಲ್ಲಿ ರೋಸಮ್ಮನ ಹೊಟ್ಟೆಯ ಚರ್ಮ ಬೋಳಾಗಿ ಕಾಣುತ್ತಿತ್ತು. ಅದು ದಿನದಿಂದ ದಿನಕ್ಕೆ ಕಪ್ಪಾಗಿ, ಗುಂಡಗೆ, ಹೊಳಪಾಗಿ ಎದ್ದು ಕಂಡಿತು. ಶಕುಂತಲಮ್ಮ ಕನ್ನಡಕ ಹಾಕಿಕೊಂಡು ನೋಡಿ, ಲಿಂಗ ಮೂಡಿದೆ ಎಂದರು. ರುದ್ರಯ್ಯನವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಆಕಾರ ಹೌದು, ಉಳಿದದ್ದನ್ನು ನೋಡಬೇಕು ಎಂದರು.

ಸಾಹೇಬರು ಐದನೆಯ ವಾರದ ಭಾನುವಾರ ಹನ್ನೊಂದು ಗಂಟೆಗೆ ಕಾರಿನಲ್ಲಿ ಬಂದು ರೋಸಿಯನ್ನು ಕರೆದೊಯ್ಯುವುದೆಂದು ನಿಶ್ಚಯವಾಗಿತ್ತು. ಆ ಭಾನುವಾರ ಬೆಳಿಗ್ಗೆ ಏಳಕ್ಕೆ ಶಕುಂತಲಮ್ಮ ಮಗನನ್ನು ಅಲುಗಾಡಿಸಿ ಎಬ್ಬಿಸಿದರು. ಅವರ ಕಣ್ಣಲ್ಲಿ ನೀರಿತ್ತು.

"ಎದ್ದೇಳೋ ನಾಗ. ರೋಸಮ್ಮ ಶಿವೈಕ್ಯ ಆಗ್ಬುಟ್ಟಳು."

ಪೆಟ್ಟಿಗೆಯ ನಡುವೆ, ತಾನೇ ಹಾಸಿಕೊಂಡ ಬಿಳಿಯ ಬಲೆಯ ಚಾಪೆಯ ಮೇಲೆ, ರೋಸಮ್ಮ ಎಂಟು ಕಾಲನ್ನೂ ಮೇಲಕ್ಕೆ ಮಾಡಿ ಅಂಗಾತ ಮಲಗಿತ್ತು. ಅಲುಗಾಟವಿಲ್ಲ. ನಾಗಭೂಷಣ ಅಲ್ಲೇ ನೆಲದ ಮೇಲೆ ಕೂತ. ಸತ್ತದ್ದು ಜೇಡವೋ ವರ್ಗಾವಣೆಯೋ ಎಂಬ ವ್ಯತ್ಯಾಸ ಆ ಗಳಿಗೆಯಲ್ಲಿ ಅವನಿಗೆ ತೋರಲಿಲ್ಲ.

ಆದರೂ ಅವನ ತಲೆ ಓಡಿತು. ಹೆಣ ಸಿಕ್ಕರೆ ತಪ್ಪು ತನ್ನದು. ಹೆಣವೇ ಇಲ್ಲದಿದ್ದರೆ, ಮುಚ್ಚಳ ಸರಿದು ಓಡಿಹೋಯಿತು ಎನ್ನಬಹುದು. ಓಡಿಹೋಗುವುದು ಜೇಡದ ತಪ್ಪು. ಹನ್ನೊಂದರೊಳಗೆ ಮಣ್ಣು ಮಾಡಬೇಕು. ಎಂಟಕ್ಕೆ ಅವನು ಹಿತ್ತಲಿನ ಕರಿಬೇವಿನ ಬುಡದಲ್ಲಿ ಗುಂಡಿ ತೋಡಿ, ಅಡುಗೆಮನೆಯಿಂದ ಸೌಟು ತಂದು, ಪೆಟ್ಟಿಗೆಯ ಮುಚ್ಚಳ ತೆಗೆದ. ಅಷ್ಟರಲ್ಲಿ ರುದ್ರಯ್ಯನವರು ಒಳಗೆ ಬಂದರು.

"ಮುಟ್ಬೇಡಿ. ಕ್ರಮ ಗೊತ್ತಾಗ್ದೆ ಮುಟ್ಬಾರ್ದು" ಎಂದರು.

ರುದ್ರಯ್ಯನವರ ತೊಂದರೆ ನಿಜವಾದದ್ದು. ನಲವತ್ತು ವರ್ಷದಲ್ಲಿ ಅವರು ಎಷ್ಟೋ ಜನರ ಸಮಾಧಿ ಮಾಡಿಸಿದ್ದರು. ಎಲ್ಲರಿಗೂ ಒಂದೇ ಪದ್ಧತಿ: ಕೂರಿಸಿ, ಕಾಲು ಮಡಚಿ, ವಿಭೂತಿ ಪತ್ರೆ ಇಟ್ಟು ಮಣ್ಣು ಕೊಡುವುದು. ಇಲ್ಲಿ ಎಂಟು ಕಾಲು. ಯಾವ ಎರಡನ್ನು ಮಡಚುವುದು? ಮಿಕ್ಕ ಆರನ್ನು ಏನು ಮಾಡುವುದು? ಎಲ್ಲ ಎಂಟನ್ನೂ ಮಡಚಬೇಕು ಎಂದರು ಶಕುಂತಲಮ್ಮ. ಮುಂದಿನ ನಾಲ್ಕು ಕೈ ಎಂದು ಲೆಕ್ಕ ಹಿಡಿಯಬೇಕು, ಅವನ್ನು ಮುಗಿದ ಹಾಗಿಡಬೇಕು ಎಂದರು ಅಡವಿಯಪ್ಪ. ಕೆರೆತ ವಾಸಿಯಾದ ಮೇಲೆ ಅವರು ರೋಸಮ್ಮನ ಕಟ್ಟಾ ಭಕ್ತರಾಗಿದ್ದರು. ಮುಖ ಯಾವ ದಿಕ್ಕಿಗಿರಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು, ಮುಖ ಯಾವ ಕಡೆಗಿದೆ ಎಂಬುದು ಗೊತ್ತಿರಲಿಲ್ಲ. ಪದವೀಧರನ ಕಡೆ ತಿರುಗಿದರು. ಅವನು ಗೋಡೆಯ ಗಡಿಯಾರದ ಕಡೆ ತಿರುಗಿದ್ದ.

"ಹೆಂಗೋ ಒಂದು ಕೂರ್ಸಿ ಅಯ್ನೋರೇ, ಹೊತ್ತಾಗುತ್ತೆ" ಎಂದು ನಾಗಭೂಷಣ ಅಂಗಲಾಚಿದ.

"ಹೆಂಗೋ ಕೂರ್ಸೋದಾದ್ರೆ ನಾನ್ಯಾಕೆ ಬರ್ಬೇಕಿತ್ತು?" ಎಂದ ರುದ್ರಯ್ಯನವರು ತುಮಕೂರಿನಲ್ಲಿದ್ದ ತಮ್ಮ ಹಿರಿಯರೊಬ್ಬರಿಗೆ ಫೋನ್ ಹಚ್ಚಿದರು. ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು. ಹೋದವರು ಯಾರೆಂದು ಹಿರಿಯರು ಕೇಳಿದರು, ಹೆಂಗಸು ಎಂದು ಇವರು ಹೇಳಿದರು. ವಯಸ್ಸೆಷ್ಟು ಎಂದರು. ನಾಗಭೂಷಣನ ಕಡೆಯಿಂದ ತಿಳಿದು ಮೂರು ಎಂದರು. ಶಿವಶಿವಾ ಎಂದು ಹಿರಿಯರು ಬಹಳ ನೊಂದುಕೊಂಡು, ಎಳೇ ಮಗು, ಕಾಯಿಲೆ ಏನಿತ್ತು ಎಂದರು. ಇಪ್ಪತ್ತೊಂದು ದಿನ ಉಪವಾಸ ಎಂದರು ಇವರು. ಆ ಕಡೆ ದನಿ ಬಿಗಿಯಾಯಿತು. ಅಪ್ಪ ಅಮ್ಮ ಯಾರು, ಪೊಲೀಸರಿಗೆ ಗೊತ್ತೇ ಎಂದರು. ಅಷ್ಟರಲ್ಲಿ ರುದ್ರಯ್ಯನವರು ಎಂಟು ಕಾಲಿನ ಸಂಗತಿ ತಿಳಿಸಿದರು. ಫೋನ್ ಕಟ್ಟಾಯಿತು, ಮತ್ತೆ ಮಾಡಿದರೆ ಸ್ವಿಚ್ ಆಫ್.

ಹತ್ತು ಗಂಟೆ ದಾಟಿತು. ಹೊರಗೆ ಬೀದಿಯಲ್ಲಿ ಮೂವತ್ತು ಜನ ಸಾವಿನ ಮನೆಯ ಮುಂದೆ ಕೂರುವಂತೆ ಸದ್ದಿಲ್ಲದೆ ಕೂತಿದ್ದರು. ಒಳಗೆ ವಾದ ಐದನೆಯ ಕಾಲಿಗೆ ಬಂದಿತ್ತು. ನಾಗಭೂಷಣ ಮೂರು ಸಲ ಸೌಟು ಎತ್ತಿದ, ಮೂರು ಸಲವೂ ರುದ್ರಯ್ಯನವರು ಕೈ ಹಿಡಿದರು. ಕಡೆಗೆ ಕೆಂಪು ಬಟ್ಟೆಯನ್ನು ಪೆಟ್ಟಿಗೆಯ ಮೇಲೆ ಮುಚ್ಚಿ, ತೀರ್ಮಾನವಾಗುವ ತನಕ ಯಾರೂ ತೆಗೆಯಬಾರದು ಎಂದು ಅಪ್ಪಣೆ ಮಾಡಿದರು.

ಹನ್ನೊಂದಕ್ಕೆ ಐದು ನಿಮಿಷವಿತ್ತು. ಎಲ್ಲರಿಗೂ ಕಾಫಿ ತಂದ ಮಾನಸಾ ತಟ್ಟೆ ಇಡಲು ಜಾಗವಿಲ್ಲದೆ ಪೆಟ್ಟಿಗೆಯ ಬಟ್ಟೆಯನ್ನು ಸ್ವಲ್ಪ ಸರಿಸಿದಳು. ನೋಡಿದಳು. ಬಗ್ಗಿ ಮತ್ತೆ ನೋಡಿದಳು.

"ಅತ್ತೆ, ಎಷ್ಟು ಜನಕ್ಕೆ ಗುಂಡಿ ತೋಡ್ಸಿದೀರಾ? ಇಲ್ಲಿ ಇಬ್ರಿದಾರೆ."

ನಿಜಕ್ಕೂ ಇಬ್ಬರಿದ್ದರು. ಒಂದು ಕಡೆ ಹಳೆಯ ರೋಸಮ್ಮ, ಕೂದಲು ಕಾಲು ಎಲ್ಲ ಹಾಗೆಯೇ, ತಲೆಯ ಮೇಲ್ಭಾಗ ಮಾತ್ರ ಡಬ್ಬಿಯ ಮುಚ್ಚಳದಂತೆ ತೆರೆದು, ಒಳಗೆ ಖಾಲಿ. ಅದರ ಪಕ್ಕದಲ್ಲಿ ಇನ್ನೊಂದು ರೋಸಮ್ಮ, ಒಂದು ಸುತ್ತು ದೊಡ್ಡದು, ಗುಲಾಬಿ ಬಣ್ಣದ್ದು, ಹೊಚ್ಚಹೊಸದು. ಅದು ಒಂದು ಕಾಲನ್ನೆತ್ತಿ, ಯೋಚಿಸಿ, ಕೆಳಗಿಟ್ಟಿತು.

ಶಕುಂತಲಮ್ಮ ಮರುಹುಟ್ಟು ಎಂದರು. ರುದ್ರಯ್ಯನವರ ಮುಖ ಗಂಭೀರವಾಯಿತು. ಶಿವನಲ್ಲಿ ಐಕ್ಯವಾದವರಿಗೆ ಮರುಹುಟ್ಟಿಲ್ಲ, ಮರುಹುಟ್ಟಾಗಿದ್ದರೆ ಐಕ್ಯವಾಗಿಲ್ಲ. ಎರಡನ್ನೂ ತೂಗಿ ನೋಡಿ ಅವರು ತೀರ್ಪು ಕೊಟ್ಟರು.

"ಇವಳು ಹೋಗೇ ಇಲ್ಲ ಕಣ್ರಮ್ಮ. ಬಟ್ಟೆ ಬದಲಾಯ್ಸಿದಾಳೆ ಅಷ್ಟೆ."

ಐದು ವಾರಗಳಲ್ಲಿ ಆ ಮನೆಯಲ್ಲಿ ಜೇಡದ ಬಗ್ಗೆ ಆಡಿದ ಮಾತುಗಳಲ್ಲಿ ವೈಜ್ಞಾನಿಕವಾಗಿ ಸರಿಯಾದದ್ದು ಇದೊಂದೇ.

ಹೊರಗೆ ಕಾರು ನಿಂತಿತು. ತನುಶ್ರೀ ಎಲ್ಲರಿಗಿಂತ ಮುಂಚೆ ಒಳಗೆ ನುಗ್ಗಿ, ಪೆಟ್ಟಿಗೆಯ ಮುಂದೆ ಮಂಡಿಯೂರಿ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಪೊರೆ ಬಿಟ್ಟಿದ್ದಾಳೆ, ಎರಡು ವರ್ಷದಿಂದ ಕಾಯುತ್ತಿದ್ದೆ ಎಂದಳು. ಆಮೇಲೆ ಪರೀಕ್ಷಕರಂತೆ ಕೇಳತೊಡಗಿದಳು. ಅಂಗಾತ ಮಲಗಿದ್ದಾಗ ಯಾರಾದರೂ ಮುಟ್ಟಿದಿರಾ? ಇಲ್ಲ ಎಂದ ನಾಗಭೂಷಣ. ಅದು ನಿಜ. ಕತ್ತಲೆ ಮಾಡಿದ್ದಿರಾ? ಬಟ್ಟೆ ಮುಚ್ಚಿತ್ತು. ಪೆಟ್ಟಿಗೆಯಲ್ಲಿ ಹುಳ ಬಿಟ್ಟಿರಲಿಲ್ಲ ತಾನೆ? ತಾಯಿಗೆ ಹೆದರಿ ಬಿಟ್ಟಿರಲಿಲ್ಲ. ಸೌಟನ್ನು ಅವನು ಬೆನ್ನ ಹಿಂದೆ ಹಿಡಿದಿದ್ದ.

"ಸುಮಾರು ಜನ ಸತ್ತೋಗಿದೆ ಅಂದ್ಕೊಂಡು ತಿರುಗ್ಸಿ ಸಾಯ್ಸೇ ಬಿಡ್ತಾರೆ ಅಂಕಲ್."

"ಓದಿರಲ್ಲ ನೋಡಮ್ಮ" ಎಂದ ನಾಗಭೂಷಣ.

ಗೋವಿಂದರಾಜು ಬಾಗಿಲಲ್ಲೇ ನಿಂತು ಬೀದಿಯ ಮೂವತ್ತು ಜನರನ್ನು ನೋಡುತ್ತಿದ್ದರು. ಯಾರಿಗೇನಾಯಿತು ಎಂದು ಮೆಲ್ಲಗೆ ಕೇಳಿದರು. ಗಂಡ ಬಾಯಿ ತೆರೆಯುವ ಮೊದಲೇ ಮಾನಸಾ ಉತ್ತರ ಕೊಟ್ಟಳು. "ಪೊರೆ ಬಿಡೋವಾಗ ಸದ್ದಾಗ್ಬಾರ್ದಲ್ಲ ಸರ್. ಬೀದಿಯವ್ರೆಲ್ಲ ಬೆಳಿಗ್ಗೆಯಿಂದ ಹೀಗೇ ಕೂತಿದಾರೆ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಒಂದು ಫೈಲು ಓದಿ ಮುಗಿಸುವಷ್ಟು ಹೊತ್ತು ಇಬ್ಬರನ್ನೂ ಸುಮ್ಮನಿರಿಸಲಾಗದ ಕಚೇರಿಯ ಮುಖ್ಯಸ್ಥರು ಅವರು. ಮೈ ಗಟ್ಟಿಯಾಗುವ ತನಕ ರೋಸಿಯನ್ನು ಕದಲಿಸಬಾರದು, ಎರಡು ವಾರ ಇಲ್ಲೇ ಇರಲಿ ಎಂದು ತನುಶ್ರೀ ಹೇಳಿದಳು. ಕಳಚಿದ ಪೊರೆಯನ್ನು ಶಕುಂತಲಮ್ಮ ಕೇಳಿ ಪಡೆದು ದೇವರ ಕೋಣೆಯಲ್ಲಿಟ್ಟರು. ಆ ದಿನದ ಅಡುಗೆಗೆ ಸೌಟು ಹೊಸದು ಬಂತು.

ಮಂಗಳವಾರ ಸಾಹೇಬರು ಕಚೇರಿಗೆ ಬಂದು, ನಾಗಭೂಷಣ ಟೈಪ್ ಮಾಡಿಟ್ಟ ಪತ್ರವನ್ನು ಅವನೆದುರೇ ಹರಿದು ಹಾಕಿದರು.

"ನಿಮ್ಮಂಥವ್ರನ್ನ ಬಿಟ್ಕೊಡೋಕೆ ಆಗುತ್ತೇನ್ರೀ? ನಿಮ್ಮ ಸೇವೆ ಈ ಕಚೇರಿಗೆ ಅತ್ಯಗತ್ಯ ಅಂತ ಮೇಲಕ್ಕೆ ಬರ್ದಿದೀನಿ. ಸಂಕ್ರಾಂತಿಗೆ ನಾವು ಊರಿಗೆ ಹೋಗ್ತೀವಿ. ರೋಸಿ ನಿಮ್ಮ ಹತ್ರಾನೇ ಇರ್ಲಿ."

ಗುಬ್ಬಿಯ ಹುದ್ದೆಗೆ ಅದೇ ವಾರ ಬೇರೆಯವರು ಬಂದರು. ಅವರ ಮನೆ ಕುಣಿಗಲ್ಲಿನಲ್ಲಿತ್ತು.

ಆ ಸಂಜೆ ತುಮಕೂರಿನಿಂದ ಗುಬ್ಬಿಗೆ ಬರುವ ಬಸ್ಸಿನಲ್ಲಿ ನಾಗಭೂಷಣ ಮೊದಲ ಬಾರಿಗೆ ಆ ನಾಲ್ಕು ಹಾಳೆಗಳನ್ನು ಬಿಚ್ಚಿದ. ವಾರಗಟ್ಟಲೆ, ತಿಂಗಳುಗಟ್ಟಲೆ ತಿನ್ನದಿರಬಹುದು, ನಾರ್ಮಲ್. ಒಂದೇ ಮೂಲೆಯಲ್ಲಿ ಕೂತಿರಬಹುದು, ನಾರ್ಮಲ್. ಸಿಟ್ಟು ಬಂದರೆ ಕೂದಲು ಉದುರಿಸುತ್ತದೆ, ತುರಿಕೆಯಾಗುತ್ತದೆ, ನಾರ್ಮಲ್. ಹೊಟ್ಟೆ ಕಪ್ಪಾದರೆ ಪೊರೆ ಬಿಡುವ ಕಾಲ ಬಂತೆಂದು ತಿಳಿಯಿರಿ. ಅಂಗಾತ ಮಲಗಿದರೆ ಸತ್ತಿಲ್ಲ, ದಯವಿಟ್ಟು ಮುಟ್ಟಬೇಡಿ. ಈ ಸಾಲಿಗೆ ಹುಡುಗಿ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದಳು. ನಾಲ್ಕನೆಯ ಹಾಳೆಯ ಕೊನೆಯ ಸಾಲು ಹೀಗಿತ್ತು: ಹೆಣ್ಣು ಇಪ್ಪತ್ತು ವರ್ಷದವರೆಗೂ ಬದುಕಬಹುದು, ರೋಸಿಗೆ ಈಗ ಮೂರು.

ಗಣಿತ ಓದಿದ್ದು ಅಂದು ಉಪಯೋಗಕ್ಕೆ ಬಂತು. ಇಪ್ಪತ್ತರಲ್ಲಿ ಮೂರು ಕಳೆದರೆ ಹದಿನೇಳು. ಅವನಿಗೆ ನಲವತ್ತಮೂರು. ಅರವತ್ತರಲ್ಲಿ ಕಳೆದರೂ ಹದಿನೇಳು. ಅವನು ಎರಡು ಸಲ ಕಳೆದು ನೋಡಿದ.

ಅದೇ ಕಂಡಕ್ಟರ್ ಟಿಕೆಟ್ ಕೊಡಲು ಬಂದವನು ಅವನನ್ನು ಗುರುತು ಹಿಡಿದು, ಮುಂದಿನ ಕಿಟಕಿಯ ಸೀಟು ಖಾಲಿ ಮಾಡಿಸಿಕೊಟ್ಟ. "ಅವತ್ತು ತಗೊಂಡೋದ್ರಲ್ಲ ಸಾರ್, ದೇವ್ರು, ಇನ್ನೂ ಮನೇಲೇ ಐತಾ?"

"ಇದೆ" ಎಂದ ನಾಗಭೂಷಣ ಹಾಳೆಗಳನ್ನು ಮಡಚುತ್ತ. "ನನ್ನ ರಿಟೈರ್‌ಮೆಂಟ್‌ವರೆಗೂ ಇರುತ್ತೆ."